ವಾಡೆಯೊಳಗೆ ಕಚೇರಿ

ನಾವು ನೆಲೆಸಿರುವ ತಳೇಗಾಂವ ದಾಭಾಡೆ ಮರಾಠರ ಸೇನಾಪತಿಗಳಾಗಿದ್ದ ದಾಭಾಡೆಯವರ ಊರು. ವಾಡೆ ಎಂಬ ಮಾತು ಈ ಸೀಮೆಯದಷ್ಟೇ ಅಲ್ಲ. ಧಾರವಾಡ, ಬೆಳಗಾವಿ ಕಡೆಯವರಿಗೆ ದೇಸಾಯರ ವಾಡೆಗಳು ಗೊತ್ತೇ ಇವೆ. ಹಳೆಯ ಮನೆ ಕೆಡವಿ ಫ್ಲ್ಯಾಟು ಎಬ್ಬಿಸುವ ಈ ಕಾಲದಲ್ಲಿ, ಲೋಕಲ್ ಗಾಡಿ ಹತ್ತಿ ಪುಣೆಗೆ ಹೋದಾಗಲೆಲ್ಲ ವಿಶ್ರಾಮಬಾಗ ವಾಡೆಯ ಮುಂದೆ ಒಂದು ಗಳಿಗೆ ನಿಲ್ಲುವುದು ನಮ್ಮ ರೂಢಿ. ಅರಮನೆಯಾಗಿ ಹುಟ್ಟಿ ಕಚೇರಿಯಾಗಿ ಬಾಳಿದ ಈ ಮನೆ ಕೆಟ್ಟಿತೋ, ಉಳಿಯಿತೋ?

ಎರಡನೆಯ ಬಾಜೀರಾವ ಪೇಶ್ವೆ 19ನೆಯ ಶತಮಾನದ ಆರಂಭದಲ್ಲಿ ಇದನ್ನು ಕಟ್ಟಿಸಿದ. 1818ರಲ್ಲಿ ಪೇಶ್ವೆಯ ಆಳಿಕೆ ಮುಗಿಯಿತು. 1821ರಲ್ಲಿ ಇಲ್ಲಿ ಸಂಸ್ಕೃತ ಪಾಠಶಾಲೆ ಬಂತು. 1879ರ ಬೆಂಕಿಯಲ್ಲಿ ಒಂದು ಭಾಗ ಸುಟ್ಟಿತು, ಆಮೇಲೆ ಮತ್ತೆ ಎದ್ದಿತು. ಮುಂದೆ ನಗರಾಡಳಿತದ ಕಚೇರಿಗಳು, ಅಂಚೆ ಕಚೇರಿ.

ಇಷ್ಟು ಬಗೆಯ ಬಳಕೆಯನ್ನು ತಾಳಿಕೊಂಡ ಗುಟ್ಟು ರಚನೆಯಲ್ಲಿದೆ. ಪೇಶ್ವೆಕಾಲದ ವಾಡೆಗಳ ತಳಪಾಯ ಕಲ್ಲಿನದು, ಮೇಲಿನ ಗೋಡೆ ಇಟ್ಟಿಗೆ ಗಾರೆಯದು. ಆದರೆ ಮಾಳಿಗೆಯ ಭಾರವನ್ನು ಬಹುಮಟ್ಟಿಗೆ ಹೊರುವವು ಮರದ ಕಂಬ, ತೊಲೆಗಳು. ಇಟ್ಟಿಗೆ ನಡುವಿನ ತೆರವನ್ನು ತುಂಬುತ್ತದೆ. ಹಾಗಾಗಿ ಕಂಬದಿಂದ ಕಂಬಕ್ಕೆ ಹಲಗೆ ಹೊಡೆದು ಕೋಣೆ ಮಾಡಿದರೂ, ಮತ್ತೆ ಕಿತ್ತರೂ ಮನೆಗೆ ಧಕ್ಕೆಯಿಲ್ಲ. ಬೆಂಗಳೂರಿನ ಟಿಪ್ಪು ಅರಮನೆಯೂ ಮರದ ಕಂಬಗಳದೇ. 1831ರಿಂದ 1868ರವರೆಗೆ ಸರಕಾರದ ಕಚೇರಿ ಅಲ್ಲಿತ್ತು. ಅಠಾರಾ ಕಚೇರಿ ಸಿದ್ಧವಾದ ಮೇಲೆ ಅದು ತೆರವಾಯಿತು. ಅರಮನೆ ಇಂದಿಗೂ ನಿಂತಿದೆ.

ಕಚೇರಿಯಿಂದ ಮನೆಗೆ ಕೇಡಾಗುವುದು ಬೇರೆ ಕಡೆ. ತೊಟ್ಟಿಮನೆಗೆ ತೊಟ್ಟಿ ಹೇಗೋ ವಾಡೆಗೆ ಚೌಕ ಹಾಗೆ. ಗಾಳಿ ಬೆಳಕು ಅಲ್ಲಿಂದಲೇ. ಪಡಸಾಲೆಗೆ ಅಡ್ಡೆ ಕಟ್ಟಿದರೆ ಒಳಕೋಣೆಯಲ್ಲಿ ಹಗಲಿಗೇ ದೀಪ ಬೇಕು. ವಿಶ್ರಾಮಬಾಗದ ಕೆತ್ತನೆಯ ಕಂಬಗಳ ಸೊಗಸು ಇಡೀ ಸಾಲನ್ನು ಒಟ್ಟಿಗೆ ನೋಡಿದಾಗಲೇ ತಿಳಿಯುವಂಥದು. ನಡುವೆ ಅಡ್ಡೆ ಬಂದರೆ ಅದು ಮಾಯ. ಇನ್ನು ಕಡತದ ಕಪಾಟುಗಳು! ಅವುಗಳ ನಡುವೆಯೇ ಬಾಳು ಸವೆಸುವ ನಮ್ಮಂಥ ಗುಮಾಸ್ತರಿಗೆ ಅವುಗಳ ತೂಕ ಗೊತ್ತು; ಮರದ ಮಾಳಿಗೆಗೆ ಅದು ಸಲ್ಲದ ಭಾರ.

ಆದರೂ ಕಚೇರಿಯನ್ನು ಬೈಯಲು ನಮಗೆ ಮನಸ್ಸಿಲ್ಲ. ಜನ ಓಡಾಡುವ ಮನೆಯ ಮಾಡು ಸೋರಿದರೆ ಹೇಳುವವರಿರುತ್ತಾರೆ. ಬೀಗ ಬಿದ್ದ ಮನೆಗೆ ಯಾರಿದ್ದಾರೆ? ಕಿತ್ತು ತೆಗೆಯಬಹುದಾದ ಹಲಗೆಯನ್ನು ಕ್ಷಮಿಸಬಹುದು, ಚೌಕ ಮುಚ್ಚುವುದನ್ನು ಕ್ಷಮಿಸಲಾಗದು.

ನಮ್ಮಲ್ಲಿ ಅನೇಕರಿಗೆ ಊರಿನಲ್ಲಿ ಬೀಗ ಹಾಕಿದ ಹಳೆಯ ಮನೆಯುಂಟು. ಬ್ಯಾಂಕಿಗೋ ಶಾಲೆಗೋ ಬಾಡಿಗೆಗೆ ಕೇಳುವವರು ಬಂದರೆ ಕೊಡೋಣ. ಕರಾರುಪತ್ರದಲ್ಲಿ ಮಾತ್ರ, ಅಂಗಳ ತೆರೆದೇ ಇರತಕ್ಕದ್ದು ಎಂಬ ಒಂದು ಸಾಲನ್ನು ಮರೆಯದೆ ಬರೆಸೋಣ.