ಚಿಹ್ನೆಯ ಔಚಿತ್ಯ: 'ನಂದಿನಿ'ಯ ದೃಶ್ಯಭಾಷೆ

ಕಾವ್ಯದ ಅಂಗಗಳೆಲ್ಲ ಪ್ರಧಾನಾರ್ಥಕ್ಕೆ ಒಪ್ಪುವಂತಿರಬೇಕೆಂಬುದು ಕ್ಷೇಮೇಂದ್ರನ ಔಚಿತ್ಯವಿಚಾರದ ತಿರುಳು. ಈ ಮಾತು ಸಾಮಾಜಿಕ ಜಾಲತಾಣದ ಪ್ರಚಾರಚಿತ್ರಗಳಿಗೂ ಸಲ್ಲುವುದೆಂಬುದನ್ನು ಕರ್ನಾಟಕ ಹಾಲು ಮಹಾಮಂಡಳದ 'ನಂದಿನಿ'ಯಿಂದ ಪರೀಕ್ಷಿಸಬಹುದು.

ಮಾಲೂರು, ಮುಳಬಾಗಿಲುಗಳ ಹಳ್ಳಿಯ ಸಂಘದಲ್ಲಿ ಹಾಲನ್ನು ಅಳೆದು ಕೊಡುವವರಿಗೂ ಬೆಂಗಳೂರಿನಲ್ಲಿ ನೀಲಿ ಪೊಟ್ಟಣವನ್ನು ಕೊಳ್ಳುವವರಿಗೂ ಪರಸ್ಪರ ಪರಿಚಯವಿಲ್ಲ; ಅವರನ್ನು ಬೆಸೆಯುವುವು ಹಸುವಿನ ಆ ಚಿತ್ರ ಮತ್ತು ಕನ್ನಡದ ಅಕ್ಷರಗಳು. 2023ರ ಮಾರ್ಚಿಯಲ್ಲಿ ಮೊಸರಿನ ಪೊಟ್ಟಣದ ಮೇಲೆ 'ದಹಿ' ಎಂದು ಅಚ್ಚಿಸಬೇಕೆಂಬ ಸೂಚನೆಗೆ ವಿರೋಧ ವ್ಯಕ್ತವಾಗಿ, 30ನೆಯ ತಾರೀಖು ಆಹಾರ ಸುರಕ್ಷತಾ ಪ್ರಾಧಿಕಾರವು ಅದನ್ನು ಸಡಿಲಿಸಿತು. 2024ರ ಟಿ-20 ವಿಶ್ವಕಪ್ಪಿನಲ್ಲಿ ಸ್ಕಾಟ್ಲೆಂಡಿನ ಆಟಗಾರರ ಅಂಗಿಯ ಮೇಲೆಯೂ ಆ ಹೆಸರು ಕನ್ನಡ ಲಿಪಿಯಲ್ಲಿಯೇ ಕಾಣಿಸಿತು. ಸ್ಥಳ ಬದಲಾದರೂ ಮುದ್ರೆ ಬದಲಾಗಲಿಲ್ಲ.

ಏಕರೂಪತೆಯೆಂದರೆ ಒಂದೇ ಚಿತ್ರದ ಪುನರಾವೃತ್ತಿಯಲ್ಲ. ಬಣ್ಣ, ಅಕ್ಷರವಿನ್ಯಾಸ, ಚಿಹ್ನೆಯ ಸ್ಥಾನ ಇವು ಸ್ಥಾಯಿ. ಹಬ್ಬ, ಋತು, ಹೊಸ ಪದಾರ್ಥ ಇವು ಸಂಚಾರಿ. ಸಂಚಾರಿಯು ಸ್ಥಾಯಿಯನ್ನು ಪೋಷಿಸಬೇಕೇ ಹೊರತು ಮರೆಮಾಡಬಾರದು. ಒಂದು ಚಿತ್ರದಲ್ಲಿ ಒಂದೇ ಸಂಗತಿ ಪ್ರಧಾನವಾಗಿರಬೇಕು. ಅಂಗೈಯಗಲದ ತೆರೆಯಲ್ಲಿ ಬರಹವು ಸುಲಭವಾಗಿ ಓದುವಂತಿರಬೇಕು.

ಇದು ಕೇವಲ ಅಲಂಕಾರದ ಪ್ರಶ್ನೆಯಲ್ಲ. ಶ್ರೀನಿವಾಸಪುರದ ಮಾವಿನ ಬೆಳೆಗಾರನು ಜಾಲತಾಣದ ಮೂಲಕ ನೇರವಾಗಿ ಮಾರಹೊರಟು, ದಿನಕ್ಕೊಂದು ಬಣ್ಣ, ದಿನಕ್ಕೊಂದು ಅಕ್ಷರವನ್ನು ಬಳಸಿದರೆ, ಕೊಂಡವನಿಗೆ ಹಣ್ಣಿನ ರುಚಿ ನೆನಪಿದ್ದೀತು, ತೋಟದ ಹೆಸರು ನೆನಪಿರದು. ಮರುವರ್ಷ ಆ ಗಿರಾಕಿಯು ಮತ್ತೆ ಮಂಡಿಗೇ ಹೋಗುವನು. ಆದರೆ ಚಿಹ್ನೆಯು ಗುರುತನ್ನು ಮಾತ್ರ ಕೊಡಬಲ್ಲುದು. ವಿಶ್ವಾಸವನ್ನು ಹಾಲೂ ಹಣ್ಣೂ ತಾವೇ ಗಳಿಸಬೇಕು.