ಮುತ್ತನ್ನು ಹಿಡಿದ ಅಂಟು

ಮುತ್ತಿನ ಓಲೆ ಕೈಗೆತ್ತಿಕೊಂಡವರು ಮುತ್ತಿನ ಹೊಳಪು ನೋಡುತ್ತಾರೆ, ಬಂಗಾರದ ತೂಕ ಕೇಳುತ್ತಾರೆ. ನನ್ನ ಕಣ್ಣು ಹೋಗುವುದು ಅವೆರಡೂ ಕೂಡುವ ಜಾಗಕ್ಕೆ. ಮುತ್ತಿಗೆ ಬೆಸುಗೆ ಹಾಕುವಂತಿಲ್ಲ. ಬೆಂಕಿ ತಾಗಿದರೆ ಬಣ್ಣವೂ ಹೊಳಪೂ ಕೆಡುತ್ತವೆ. ಅದನ್ನು ಹಿಡಿದಿಡುವುದು ಒಂದು ಪುಟ್ಟ ಕಡ್ಡಿ, ಸಾಸಿವೆಯಷ್ಟು ಎಪಾಕ್ಸಿ ಅಂಟು.

ಆ ಕೆಲಸವನ್ನು ಹತ್ತಿರ ಕೂತು ನೋಡಬೇಕು. ಮುತ್ತಿಗೆ ಆಚೆ ಬದಿಯವರೆಗೆ ತೂತು ಕೊರೆಯುವುದಿಲ್ಲ, ಅರ್ಧಕ್ಕೇ ನಿಲ್ಲಿಸುತ್ತಾರೆ. ಬಂಗಾರದ ಕಡ್ಡಿ ನುಣ್ಣಗಿದ್ದರೆ ಅಂಟಿಗೆ ಹಿಡಿತ ಸಿಗದು. ಅದಕ್ಕೇ ಅಕ್ಕಸಾಲಿಗರು ಅರದಿಂದ ಗೀರು ಹಾಕುತ್ತಾರೆ. ಕೆಲವರು ಚೌಕ ತಂತಿಯನ್ನು ತಿರುಚಿ ಕಡ್ಡಿ ಮಾಡುತ್ತಾರೆ. ಆ ಸುರುಳಿಯ ಸಂದುಗಳಲ್ಲಿ ಅಂಟು ಕೂತು ಗಟ್ಟಿಯಾಯಿತೆಂದರೆ ಮುತ್ತು ಜಪ್ಪಯ್ಯ ಅಂದರೂ ಕದಲದು. ಎಂಥ ಉಪಾಯ! ಅಂಟು ಹಚ್ಚುವ ಮುನ್ನ ಕಡ್ಡಿಯನ್ನು ಸ್ಪಿರಿಟ್‌ನಿಂದ ಒರೆಸುವುದುಂಟು. ಬೆರಳಿನ ಜಿಡ್ಡೂ ಅಂಟಿಗೆ ಶತ್ರುವೇ.

ಎಪಾಕ್ಸಿಯಲ್ಲಿ ರಾಳ ಒಂದು ಟ್ಯೂಬು, ಅದನ್ನು ಗಟ್ಟಿಯಾಗಿಸುವ ಹಾರ್ಡನರ್ ಇನ್ನೊಂದು. ಸಮಸಮ ಹಿಂಡಿ, ಗುಳ್ಳೆ ಏಳದಂತೆ ನಿಧಾನ ಕಲಸಬೇಕು. ಅಳತೆ ತಪ್ಪಿದರೆ ಎಷ್ಟು ಕಾದರೂ ಅಂಟಂಟಾಗಿಯೇ ಉಳಿಯುತ್ತದೆ. 5 ನಿಮಿಷಕ್ಕೆ ಹಿಡಿಯುವ ಅಂಟೂ ಸಿಗುತ್ತದೆ. ಆದರೆ ಪಳಗಿದ ಕೈಗಳು 24 ಗಂಟೆ ತೆಗೆದುಕೊಳ್ಳುವ ಅಂಟನ್ನೇ ನೆಚ್ಚುವುದು ನನಗೆ ಬಹಳ ಹಿಡಿಸುತ್ತದೆ.

ಆಮೇಲೆ ಜೋಡಣೆ. ಒಳಗಿನ ಗಾಳಿ ಹೊರಬರಲೆಂದು ಮುತ್ತನ್ನು ಮೆಲ್ಲಗೆ ತಿರುಗಿಸುತ್ತಲೇ ಕಡ್ಡಿಗೆ ಇಳಿಸುತ್ತಾರೆ. ತೂತಿನ ಅಂಚಿನಲ್ಲಿ ಅಂಟು ಒಂಚೂರು ಇಣುಕಿದರೆ ಒಳಗೆ ತುಂಬಿದೆ ಎಂದರ್ಥ. ಅದನ್ನು ಗಟ್ಟಿಯಾಗುವ ಮೊದಲೇ ಒರೆಸಿಬಿಡುತ್ತಾರೆ. ಓಲೆ ಕೊಳ್ಳುವಾಗ ಭೂತಗನ್ನಡಿ ಹಿಡಿದು ಆ ಅಂಚನ್ನೊಮ್ಮೆ ನೋಡಿ. ಅಂಟಿನ ಗೆರೆಯೇ ಕಾಣದಿದ್ದರೆ ಅದು ಬಲ್ಲವರ ಕೈಕೆಲಸ.