ಹಳೆಯ ಛಾಯಾಚಿತ್ರವನ್ನು ನೋಡುವ ಬಗೆ

ಶ್ರೀರಂಗಪಟ್ಟಣದ ಗುಂಬಜಿನದೋ ಮೇಲುಕೋಟೆಯ ಕಲ್ಯಾಣಿಯದೋ ನೂರು ವರ್ಷಗಳ ಹಿಂದಿನ ಛಾಯಾಚಿತ್ರವೊಂದನ್ನು ಮುಂದಿಟ್ಟ ಕೂಡಲೆ ‘ಆಹಾ, ಆಗ ಊರು ಎಷ್ಟು ಪ್ರಶಾಂತವಾಗಿತ್ತು!’ ಎಂದು ನಿಟ್ಟುಸಿರಿಟ್ಟು ಮುಂದಿನ ಚಿತ್ರಕ್ಕೆ ಸಾಗಿಬಿಡುವ ಮಹನೀಯರನ್ನು ಕಂಡರೆ ನನಗಾಗುವ ಬೇಸರ ಅಷ್ಟಿಷ್ಟಲ್ಲ. ಮೈಸೂರು ಹೆದ್ದಾರಿಯ ಹೋಟೆಲುಗಳ ಗೋಡೆಯ ಮೇಲೆ ಕಂದುಬಣ್ಣ ಬಳಿಸಿಕೊಂಡು ತೂಗುತ್ತಿರುವ ಕೋಟೆಬಾಗಿಲುಗಳೂ, ಮೊಬೈಲು ಕ್ಷಣಾರ್ಧದಲ್ಲಿ ಬಣ್ಣ ತುಂಬಿ ಒಪ್ಪಿಸುವ ತಾತ ಮುತ್ತಾತಂದಿರೂ ಇಂಥವರ ಅಭಿರುಚಿಗೆ ತಕ್ಕ ನೈವೇದ್ಯವೇ ಸರಿ. ಈ ಬರಹ ಅವರಿಗಲ್ಲ. ಒಂದೇ ಚಿತ್ರದ ಮುಂದೆ ಅರ್ಧ ಗಂಟೆ ಕೂರಬಲ್ಲ ಸಹೃದಯರಿಗೆ.

ಈ ವಿದ್ಯೆಯಲ್ಲಿ ಮೊದಲು ತಿಳಿಯತಕ್ಕದ್ದು ಇಷ್ಟು: ಹಳೆಯ ಗಾಜಿನ ಫಲಕಕ್ಕೆ ಕೆಂಪು ಕಾಣುತ್ತಿರಲಿಲ್ಲ. ಫ್ರೆಡರಿಕ್ ಸ್ಕಾಟ್ ಆರ್ಚರನು 1851ರಲ್ಲಿ ಪ್ರಕಟಿಸಿದ ಹಸಿ ಫಲಕದ ವಿಧಾನದಿಂದ ಮೊದಲುಗೊಂಡು, ಎಲ್ಲ ವರ್ಣಗಳನ್ನೂ ಗ್ರಹಿಸುವ ಫಲಕಗಳು 1906ರಲ್ಲಿ ಇಂಗ್ಲೆಂಡಿನ ಮಾರುಕಟ್ಟೆಗೆ ಬಂದು ಕ್ರಮೇಣ ಬಳಕೆಯಾಗುವ ತನಕ, ಛಾಯಾಗ್ರಾಹಕನ ಪಾಲಿಗೆ ನೀಲಿಯೆಲ್ಲ ಬಿಳುಪು, ಕೆಂಪೆಲ್ಲ ಕಪ್ಪು. ಆದುದರಿಂದಲೇ ಆ ಚಿತ್ರಗಳ ಆಕಾಶದಲ್ಲಿ ಮೋಡವಿರುವುದು ಅಪರೂಪ. ನಾಗಮಂಗಲದ ಸೀಮೆಯ ಕೆಮ್ಮಣ್ಣಿನ ದಾರಿ ಬಿರುಬೇಸಗೆಯಲ್ಲಿಯೂ ಆಗತಾನೆ ಮಳೆಯಲ್ಲಿ ತೊಯ್ದಂತೆ ಗಾಢವಾಗಿ ತೋರುತ್ತದೆ. ದೇವಸ್ಥಾನದ ಗೋಡೆಯ ಸುಣ್ಣ-ಕೆಮ್ಮಣ್ಣಿನ ಪಟ್ಟೆಗಳಲ್ಲಿ ಒಂದು ಬೆಳಗಿದರೆ ಮತ್ತೊಂದು ಇದ್ದಲಾಗುತ್ತದೆ. ಮುತ್ತೈದೆಯ ಕುಂಕುಮ ಕಾಡಿಗೆಯ ಬೊಟ್ಟಾಗಿ, ಮದುಮಗಳ ಕೆಂಪು ಸೀರೆ ಕರಿಯ ಸೀರೆಯಾಗಿ, ನಮ್ಮವರ ಮೈಬಣ್ಣವೂ ಇದ್ದುದಕ್ಕಿಂತ ಒಂದು ಪಟ್ಟು ಹೆಚ್ಚು ಕಪ್ಪಾಗಿ ಬೀಳುತ್ತದೆ. ಇದನ್ನರಿಯದೆ ಬಣ್ಣ ತುಂಬುವ ಯಂತ್ರ ಕಪ್ಪನ್ನು ಕಪ್ಪೆಂದೇ ನಂಬಿ, ಹಸೆಮಣೆಯ ಮೇಲಿನ ಹೆಣ್ಣಿಗೆ ಬೂದುಬಣ್ಣದ ಸೀರೆಯನ್ನುಡಿಸುತ್ತದೆ. ಮನೆಮಂದಿ ಅದನ್ನೇ ಕಟ್ಟು ಹಾಕಿಸಿ ಪೂಜಿಸುತ್ತಾರೆ!

ನನಗೆ ಈ ಕಣ್ಣು ತೆರೆದದ್ದು ಮೇಲುಕೋಟೆಯ ಒಂದು ಮನೆಯ ಪಡಸಾಲೆಯಲ್ಲಿ. ಗೋಡೆಯ ಮೇಲಿದ್ದ ವೃದ್ಧರೊಬ್ಬರ ಪಟವನ್ನು ನೋಡಿ, ಜೊತೆಗೆ ಬಂದಿದ್ದ ಗೆಳೆಯನು ‘ಇವರು ಮಾಧ್ವರಿರಬೇಕು, ಅಂಗಾರವಿಟ್ಟಿದ್ದಾರೆ’ ಎಂದ. ಮನೆಯ ಹಿರಿಯರು ನಕ್ಕುಬಿಟ್ಟರು. ‘ಅವರು ನಮ್ಮ ಮುತ್ತಾತ ಕಣಯ್ಯ. ಹಣೇ ಮೇಲಿರೋದು ಶ್ರೀಚೂರ್ಣ. ಕೆಂಪು ಕಪ್ಪಾಗಿ ಬಿದ್ದಿದೆ, ಅಷ್ಟೆ’ ಎಂದು ಪಟವನ್ನಿಳಿಸಿ, ಭೂತಗನ್ನಡಿಯನ್ನು ನನ್ನ ಕೈಗಿತ್ತರು. ನಾಮದ ಎರಡು ಬಿಳಿಯ ಗೆರೆಗಳು ಅಚ್ಚಿಟ್ಟಂತೆ ಹೊಳೆಯುತ್ತಿದ್ದವು. ನಡುವಿನ ಗೆರೆ ಮಸಿ. ಅದೇ ಮಸಿ ಪಂಚೆಯ ಅಂಚಿನಲ್ಲಿಯೂ ಇದ್ದಿತು. ಹಣೆಯ ಕಪ್ಪು ಕೆಂಪೆಂದಾದ ಮೇಲೆ ಅಂಚಿನ ಕಪ್ಪೂ ಕೆಂಪೇ ಇದ್ದೀತೆಂದು ಊಹಿಸಲು ದಾರಿಯಾಯಿತು. ಅಲ್ಲಿಂದೀಚೆಗೆ ಯಾವ ಹಳೆಯ ಚಿತ್ರವನ್ನು ಕಂಡರೂ ನಾನು ಮೊದಲು ಕಪ್ಪನ್ನು ಪ್ರಶ್ನಿಸುತ್ತೇನೆ.

ಉಳಿದ ಲಕ್ಷಣಗಳನ್ನು ಸಂಕ್ಷೇಪವಾಗಿ ಹೇಳಬಹುದು. ನಿಧಾನವಾದ ಫಲಕದ ಮುಂದೆ ನಡೆದುಹೋದವನು ಮಂಜಾಗುತ್ತಾನೆ, ಇಲ್ಲವೆ ಮಾಯವಾಗುತ್ತಾನೆ. ಶ್ರೀರಂಗಪಟ್ಟಣದಲ್ಲಿ ದಿವಾನ್ ಪೂರ್ಣಯ್ಯನವರು 1804ರಲ್ಲಿ ಕಟ್ಟಿಸಿದ ವೆಲ್ಲೆಸ್ಲಿ ಸೇತುವೆಯ ಕಲ್ಲುಕಂಬಗಳ ನಡುವೆ ಕಾವೇರಿ ಕೆನೆಗಟ್ಟಿದಂತೆ ನಿಂತಿದ್ದರೆ ಅದು ಹೊಳೆಯ ಗುಣವಲ್ಲ. ನಿಟ್ಟುಸಿರಿನವರು ಕೊಂಡಾಡುವ ಆ ಪ್ರಶಾಂತತೆಯ ಬಹುಪಾಲು ಇಷ್ಟೇ. ‘ಫ್ರೆಂಚ್ ರಾಕ್ಸ್’ ಎಂಬ ಅಡಿಬರಹ ಕಂಡರೆ ಪಾಂಡವಪುರವೆಂದು ತಿಳಿಯಿರಿ. ಶ್ರೀರಂಗಪಟ್ಟಣದ ಟಿಪ್ಪುವಿನ ಶಸ್ತ್ರಾಗಾರ ರೈಲುಹಳಿಯ ಪಕ್ಕದಲ್ಲಿಯೇ ಇದ್ದರೆ ಆ ಚಿತ್ರ 2017ರ ಸ್ಥಳಾಂತರಕ್ಕಿಂತ ಹಿಂದಿನದು. ಆರ್. ನರಸಿಂಹಾಚಾರ್ಯರ ಕಾಲದ ಮೈಸೂರು ಪುರಾತತ್ತ್ವ ಇಲಾಖೆಯ ವರದಿಗಳು ಸಿಕ್ಕಿದರೆ ಬಿಡಬೇಡಿ. ಕೃಷ್ಣರಾಜಪೇಟೆಯ ಕಡೆಯ ಹೊಸಹೊಳಲು, ಕಿಕ್ಕೇರಿಗಳ ದೇಗುಲಗಳ ಹಳೆಯ ಚಿತ್ರಗಳಲ್ಲಿ ಶಿಲ್ಪವನ್ನು ಎಲ್ಲರೂ ನೋಡುತ್ತಾರೆ. ರಸಿಕನಾದವನು ಚೌಕಟ್ಟಿನ ಮೂಲೆಯನ್ನು ನೋಡತಕ್ಕದ್ದು. ಹುಲ್ಲಿನ ಮೆದೆ, ಗಾಡಿಯ ಮೂಕಿ, ಒಣಹಾಕಿದ ಸೀರೆ ಮೊದಲಾದ ಗ್ರಾಮಜೀವನ ಕರೆಯದೆಯೇ ಬಂದು ನಿಲ್ಲುವುದು ಅಲ್ಲಿಯೇ.

ಹೀಗೆ ನೋಡಬೇಕಾದರೆ ಮೊದಲು ಪಟ ಉಳಿದಿರಬೇಕು. ಐರ್ಲೆಂಡಿನಲ್ಲಿ ವಿಲಿಯಂ ಲಾರೆನ್ಸನೆಂಬ ವ್ಯಾಪಾರಿಗಾಗಿ ರಾಬರ್ಟ್ ಫ್ರೆಂಚ್ ಮೊದಲಾದವರು ಊರೂರು ಅಲೆದು ತೆಗೆದ ಸುಮಾರು 40,000 ಗಾಜಿನ ಫಲಕಗಳು ಡಬ್ಲಿನ್ನಿನ ರಾಷ್ಟ್ರೀಯ ಗ್ರಂಥಾಲಯದಲ್ಲಿ ಸುರಕ್ಷಿತವಾಗಿವೆ. ಶ್ರೀರಂಗಪಟ್ಟಣ, ಪಾಂಡವಪುರ, ನಾಗಮಂಗಲ, ಕೃಷ್ಣರಾಜಪೇಟೆ ಎಂಬ ನಮ್ಮ ನಾಲ್ಕು ತಾಲ್ಲೂಕುಗಳ ಮನೆಮನೆಯ ಪಟಗಳಿಗೆ ಟ್ರಂಕೇ ಗ್ರಂಥಾಲಯ, ಗೆದ್ದಲೇ ಗ್ರಂಥಪಾಲಕ. ಆದುದರಿಂದ ಓದುಗರಲ್ಲಿ ನನ್ನ ವಿಜ್ಞಾಪನೆ ಇಷ್ಟು: ಮೂಲಪಟವನ್ನು ಬಣ್ಣದವನ ಕೈಗೆ ಕೊಡಬೇಡಿ, ಅಜ್ಜಿ ಬದುಕಿರುವಾಗಲೇ ಪಕ್ಕದಲ್ಲಿ ಕುಳಿತು ಯಾರು, ಯಾವ ಊರು, ಯಾವ ಬೀದಿ, ಸೀರೆಯ ಬಣ್ಣ ಯಾವುದೆಂದು ಕೇಳಿ, ಮೆತ್ತನೆಯ ಪೆನ್ಸಿಲಿನಿಂದ ಪಟದ ಬೆನ್ನಿನ ಅಂಚಿನಲ್ಲಿ ಹಗುರವಾಗಿ ಬರೆದಿಡಿ.